ಹಾಲಿನ ಪುಡಿಯ ಲೆಕ್ಕ: ಕೋವಿಡ್ ಕಾಲದ ಸಹಕಾರಿ ಹೈನೋದ್ಯಮದಲ್ಲಿ ತಾಳಿಕೆ ಮತ್ತು ಲಾಭ

2020ರ ಮಾರ್ಚ್ 25ರಂದು ದೇಶವ್ಯಾಪಿ ಲಾಕ್‌ಡೌನ್ ಜಾರಿಗೆ ಬಂದಾಗ ಬಹುಪಾಲು ಉದ್ಯಮಗಳಿಗೆ ಬಾಗಿಲು ಹಾಕಿ ಕಾಯುವ ದಾರಿಯಾದರೂ ಇತ್ತು. ಹೈನುಗಾರಿಕೆಗೆ ಅದೂ ಇರಲಿಲ್ಲ. ಹಸುವಿನ ಹಾಲನ್ನು ಬೆಳಿಗ್ಗೆ ಸಂಜೆ ಕರೆಯಲೇಬೇಕು. ಬಿಟ್ಟರೆ ಕೆಚ್ಚಲು ಬಾವು ಬರುತ್ತದೆ. ಕರೆದ ಹಾಲು ಬೇಗ ತಣ್ಣಗಾಗದಿದ್ದರೆ ಬೇಸಿಗೆಯಲ್ಲಿ ಕೆಲವೇ ಗಂಟೆಗಳಲ್ಲಿ ಕೆಡುತ್ತದೆ. ಹೀಗಾಗಿ ಊರ ಡೇರಿಯ ಮುಂದೆ ಸುಣ್ಣದ ಗುರುತು ಹಾಕಿ, ಕ್ಯಾನುಗಳನ್ನು ದೂರ ದೂರ ಇರಿಸಿ, ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬನ್ನು ಬಿಟ್ಟ ಘನಾಂಶ) ಪರೀಕ್ಷೆ ಎಂದಿನಂತೆ ನಡೆಯಿತು. ಬೆಂಗಳೂರಿನಲ್ಲಿ ಹೋಟೆಲು, ಸಿಹಿತಿಂಡಿ ಅಂಗಡಿ, ಕಲ್ಯಾಣ ಮಂಟಪಗಳೆಲ್ಲ ಮುಚ್ಚಿದ್ದವು. ಇತ್ತ ಟ್ಯಾಂಕರುಗಳು ಮಾತ್ರ ತುಂಬಿಯೇ ಬರುತ್ತಿದ್ದವು.

ಸಾಂಕ್ರಾಮಿಕದ ಹೊತ್ತಿನಲ್ಲಿ ಉದ್ಯಮವೊಂದು ಎಷ್ಟು ತಾಳಿತು ಎಂಬುದನ್ನು ಆ ವರ್ಷದ ಲಾಭ-ನಷ್ಟದ ತಃಖ್ತೆಯಿಂದ ಅಳೆಯುವ ರೂಢಿಯಿದೆ. ಸಹಕಾರಿ ಹೈನೋದ್ಯಮದ ಮಟ್ಟಿಗೆ ಈ ಅಳತೆ ದಾರಿ ತಪ್ಪಿಸುತ್ತದೆ ಎಂಬುದು ಈ ಲೇಖನದ ವಾದ. ಸಹಕಾರ ಸಂಘ ತಾಳಿದ್ದು ಲಾಭವನ್ನು ಬಿಟ್ಟುಕೊಟ್ಟು. ಆದ್ದರಿಂದ ಆ ನಷ್ಟ ಯಾರ ಯಾರ ಹೆಗಲಿಗೆ ಹಂಚಿಹೋಯಿತು ಎಂಬುದನ್ನೇ ಮುಖ್ಯವಾಗಿ ನೋಡಬೇಕು.

ಮೊದಲು ರಾಷ್ಟ್ರಮಟ್ಟದ ಅಂಕಿಗಳು. 2020ರ ಮೇ ತಿಂಗಳಲ್ಲಿ ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಕೊಟ್ಟ ವಿವರದಂತೆ, ಲಾಕ್‌ಡೌನ್ ಅವಧಿಯಲ್ಲಿ ಸಹಕಾರ ಸಂಸ್ಥೆಗಳು ದಿನಕ್ಕೆ 560 ಲಕ್ಷ ಲೀಟರ್ ಹಾಲು ಕೊಂಡವು, ಮಾರಾಟವಾದದ್ದು 360 ಲಕ್ಷ ಲೀಟರ್. ಒಟ್ಟು 111 ಕೋಟಿ ಲೀಟರ್ ಹೆಚ್ಚುವರಿ ಹಾಲಿಗೆ ರೈತರ ಕೈ ಸೇರಿದ ಹಣ 4,100 ಕೋಟಿ ರೂಪಾಯಿ. ಬೇಡಿಕೆ ಕುಸಿದದ್ದಷ್ಟೇ ಈ ಹೆಚ್ಚುವರಿಗೆ ಕಾರಣವಲ್ಲ. ಹಲವೆಡೆ ಖಾಸಗಿ ಡೇರಿಗಳು ಖರೀದಿ ಕಡಿಮೆ ಮಾಡಿದಾಗ ಆ ಹಾಲೂ ಸಹಕಾರ ಸಂಘಗಳ ಕಡೆಗೇ ಹರಿಯಿತು. ಮಾರಾಟ ಇಳಿದ ಹೊತ್ತಿನಲ್ಲೇ ಒಳಹರಿವು ಏರಿತು. ಸದಸ್ಯನ ಹಾಲನ್ನು ಬೇಡವೆನ್ನುವುದು ಸಹಕಾರ ಸಂಘಕ್ಕೆ ಸುಲಭದ ಮಾತಲ್ಲ. ಅದಕ್ಕೆ ಹಾಲು ಹಾಕುವವನೇ ಮಾಲೀಕ.

ಉಳಿದ ಹಾಲಿಗೆ ಇದ್ದ ದೊಡ್ಡ ದಾರಿ ಒಂದೇ, ಪುಡಿ ಮತ್ತು ಬೆಣ್ಣೆ. ಇಲ್ಲಿ ಕರ್ನಾಟಕ ಮತ್ತು ಕೇರಳದ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಕೇರಳದ ಹಾಲು ಸಹಕಾರ ಸಂಸ್ಥೆ ಮಿಲ್ಮಾದ ಮಲಬಾರ್ ಒಕ್ಕೂಟ ಹೆಚ್ಚುವರಿ ಹಾಲನ್ನು ಪುಡಿ ಮಾಡಿಸಲು ತಮಿಳುನಾಡನ್ನು ನೆಚ್ಚಿಕೊಂಡಿತ್ತು. ಅಲ್ಲಿಂದ ನಿರಾಕರಣೆ ಬಂದಾಗ 2020ರ ಏಪ್ರಿಲ್ 1ರಂದು ರೈತರಿಂದ ಹಾಲು ಕೊಳ್ಳುವುದನ್ನೇ ನಿಲ್ಲಿಸಬೇಕಾಯಿತು. ಕರ್ನಾಟಕ ಹಾಲು ಮಹಾಮಂಡಳಕ್ಕೆ ಯಲಹಂಕ, ಚನ್ನರಾಯಪಟ್ಟಣ ಮುಂತಾದೆಡೆ ತನ್ನದೇ ಪುಡಿ ಘಟಕಗಳಿದ್ದವು. ಮಾಮೂಲಿ ವರ್ಷಗಳಲ್ಲಿ ಇಂಥ ಘಟಕ ಬೇಸಿಗೆಯಲ್ಲಿ ಅರೆಬರೆ ಓಡುತ್ತದೆ. ಲೆಕ್ಕಪತ್ರದ ಕಣ್ಣಿಗೆ ಅದು ದುಂದಿನಂತೆ ಕಾಣುತ್ತದೆ. ಆದರೆ 2020ರ ಬೇಸಿಗೆಯಲ್ಲಿ ರೈತನ ಬಟವಾಡೆ ನಿಲ್ಲದಂತೆ ನೋಡಿಕೊಂಡದ್ದು ಈ 'ದುಂದೇ'. ಅದೇ ದಿನಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರದ ಹೂ ಬೆಳೆಗಾರರಿಗೆ ಇಂಥ ಯಾವ ಆಸರೆಯೂ ಇರಲಿಲ್ಲ; ಅರಳಿದ ಹೂವನ್ನು ತಿಪ್ಪೆಗೆ ಸುರಿದರು.

ಪುಡಿಯ ಆಸರೆಗೂ ಬೆಲೆಯಿತ್ತು. ಹಸುವಿನ ಹಾಲಿನಲ್ಲಿ ಎಸ್‌ಎನ್‌ಎಫ್ ಸುಮಾರು ಶೇ. 8.5. ಅಂದರೆ 100 ಲೀಟರ್ ಹಾಲಿನಿಂದ ಸಿಗುವ ಕೆನೆರಹಿತ ಪುಡಿ ಹೆಚ್ಚುಕಡಿಮೆ ಎಂಟೂವರೆ ಕೆಜಿ, ಬೆಣ್ಣೆ ಸುಮಾರು ನಾಲ್ಕು ಕೆಜಿ. ವರ್ಷದ ಆರಂಭದಲ್ಲಿ ಕೆಜಿಗೆ 300 ರೂಪಾಯಿ ಆಸುಪಾಸಿನಲ್ಲಿದ್ದ ಪುಡಿಯ ದರ ಕೆಲವೇ ತಿಂಗಳಲ್ಲಿ 200ರ ಕೆಳಗೆ ಬಿತ್ತು. ಕೆಜಿಗೆ 100 ರೂಪಾಯಿ ಇಳಿದರೆ ಪುಡಿಗೆ ಹೋದ ಪ್ರತಿ ಲೀಟರಿನ ಮೇಲೆ ಎಂಟೂವರೆ ರೂಪಾಯಿ ಕಳೆದಂತೆ. ಬೆಣ್ಣೆಯ ನಷ್ಟ, ಒಣಗಿಸುವ ಉರುವಲು, ಗೋದಾಮಿನ ಬಾಡಿಗೆ, ಸಾಲದ ಬಡ್ಡಿ ಇವೆಲ್ಲ ಅದರ ಮೇಲೆ. ಹಾಲಿನ ವ್ಯಾಪಾರದಲ್ಲಿ ಲೀಟರಿನ ಉಳಿಕೆ ಎಷ್ಟು ತೆಳುವೆಂದು ಬಲ್ಲವರಿಗೆ ಈ ಸಂಖ್ಯೆಯ ಭಾರ ತಿಳಿಯುತ್ತದೆ.

ಈ ಭಾರವನ್ನು ಹೊತ್ತವರು ಮೂವರು. ರಾಜ್ಯ ಸರ್ಕಾರ ಏಪ್ರಿಲ್‌ನಲ್ಲಿ ಮಾರಾಟವಾಗದ ಹಾಲನ್ನು ಕೊಂಡು ಕೊಳೆಗೇರಿಗಳ ಬಡವರಿಗೆ ಉಚಿತವಾಗಿ ಹಂಚಿತು. ಕೇಂದ್ರ ಸರ್ಕಾರ ದುಡಿಮೆ ಬಂಡವಾಳದ ಸಾಲಕ್ಕೆ ಶೇ. 2ರ ಬಡ್ಡಿ ರಿಯಾಯಿತಿ ಕೊಟ್ಟಿತು, ಸಕಾಲದಲ್ಲಿ ತೀರಿಸಿದರೆ ಇನ್ನೂ ಶೇ. 2. ಉಳಿದದ್ದು ರೈತನ ಪಾಲಿಗೆ ಬಂತು: ಹಲವು ಜಿಲ್ಲಾ ಒಕ್ಕೂಟಗಳು ಖರೀದಿ ದರ ಇಳಿಸಿದವು, ಹಿಂಡಿ-ಬೂಸಾದ ಖರ್ಚಿಗೆ ಇಳಿತವೇನೂ ಇರಲಿಲ್ಲ. ಸಾಲದ್ದಕ್ಕೆ 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯಕ್ಕೂ ಶಾಲೆಗಳು ಮುಚ್ಚಿದ್ದರಿಂದ ತಡೆ ಬಿತ್ತು. ಮಕ್ಕಳಿಗೆ ವಾರಕ್ಕೆ ಐದು ದಿನ 150 ಮಿಲಿ ಹಾಲು ಕೊಡುವ ಆ ಯೋಜನೆ ಪುಡಿಗೆ ಖಾತ್ರಿ ಗಿರಾಕಿಯಾಗಿತ್ತು. ಅತಿ ಬೇಕಾದ ಹೊತ್ತಿನಲ್ಲೇ ಆ ಗಿರಾಕಿ ಇಲ್ಲವಾದದ್ದು ನಮ್ಮ ಏರ್ಪಾಡಿನ ನಿಜವಾದ ದೌರ್ಬಲ್ಯ. ಶಾಲೆ ಮುಚ್ಚಿದ್ದರೂ ಪುಡಿಯ ಪೊಟ್ಟಣ ಮನೆಗೆ ತಲುಪುವ ವ್ಯವಸ್ಥೆ ಮೊದಲೇ ಸಿದ್ಧವಿರಬೇಕಿತ್ತು.

ಹೋಲಿಕೆಗೆ ಖಾಸಗಿ ವಲಯವನ್ನು ನೋಡೋಣ. ಚೆನ್ನೈ ಮೂಲದ ಹಟ್ಸನ್ ಆಗ್ರೋ ಕಂಪನಿಯ ನಿವ್ವಳ ಲಾಭ 2019-20ಕ್ಕಿಂತ 2020-21ರಲ್ಲಿ ಎರಡು ಪಟ್ಟಿಗೂ ಹೆಚ್ಚಾಯಿತು. ಇದರಲ್ಲಿ ಆಡಳಿತದ ಜಾಣ್ಮೆಯನ್ನು ಅಲ್ಲಗಳೆಯಬೇಕಿಲ್ಲ. ಆದರೆ ಮಾರುಕಟ್ಟೆಯಲ್ಲಿ ಹಾಲಿನ ಖರೀದಿ ದರ ಅಗ್ಗವಾಗಿ, ಮನೆಬಳಕೆಯ ಪ್ಯಾಕೆಟ್ಟಿನ ದರ ಹಾಗೆಯೇ ಉಳಿದಾಗ ನಡುವಿನ ಅಂತರ ಡೇರಿಯ ಪಾಲಿಗೆ ಲಾಭವಾಗುತ್ತದೆ. ಸಹಕಾರ ಸಂಘದಲ್ಲಿ ಅದೇ ಅಂತರ ಹೆಚ್ಚುವರಿ ಹಾಲಿನ ಬಟವಾಡೆಗೆ ಕರಗುತ್ತದೆ. ಎರಡು ತಃಖ್ತೆಗಳನ್ನು ಪಕ್ಕಪಕ್ಕ ಇಟ್ಟು ದಕ್ಷತೆಯ ತೀರ್ಪು ಕೊಡುವ ವಿಶ್ಲೇಷಣೆ ಈ ಮುಖ್ಯ ಸಂಗತಿಯನ್ನೇ ಬಿಟ್ಟುಬಿಡುತ್ತದೆ.

ಕಾಲದ ಅಂಶವೂ ಇದೆ. 2022ರಲ್ಲಿ ಚರ್ಮಗಂಟು ರೋಗ ರಾಜ್ಯದ ರಾಸುಗಳಿಗೆ ಹರಡಿತು. ಮುಂದಿನ ಬೇಸಿಗೆಯ ಹೊತ್ತಿಗೆ ಹಾಲಿನ ಕೊರತೆ ಕಾಣಿಸಿ ಪುಡಿಯ ದರ ಮತ್ತೆ ಮೇಲೇರಿತ್ತು. ಆದರೆ ಪುಡಿಯ ಬಾಳಿಕೆ ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷ. 2020ರ ದಾಸ್ತಾನನ್ನು 2023ರ ತನಕ ಹಿಡಿದಿಡುವಂತಿರಲಿಲ್ಲ. ಆದ್ದರಿಂದ ಒಳ್ಳೆಯ ವರ್ಷದಿಂದ ಕೆಟ್ಟ ವರ್ಷಕ್ಕೆ ಸಾಗಿಸಬಹುದಾದದ್ದು ಹಣ ಮಾತ್ರ. ಪುಡಿಯ ದರ ಏರಿದಾಗ ಬಂದ ಉಳಿತಾಯದ ನಿಗದಿತ ಪಾಲನ್ನು ದರ ಸ್ಥಿರೀಕರಣ ನಿಧಿಗೆ ಇಡಬೇಕು. ದರ ಬಿದ್ದಾಗ ಅದನ್ನು ರೈತನ ಖರೀದಿ ದರ ಕಾಯಲು ಮಾತ್ರ ಬಳಸಬೇಕು. ಅರೆಬರೆ ಓಡುವ ಘಟಕದ ಖರ್ಚನ್ನು ನಷ್ಟದ ಕಾಲಮಿನಿಂದ ತೆಗೆದು ವಿಮೆಯ ಕಂತಿನಂತೆ ಪ್ರತ್ಯೇಕವಾಗಿ ತೋರಿಸಬೇಕು. ಆ ಕಂತಿನಲ್ಲಿ ಸರ್ಕಾರದ ಪಾಲೆಷ್ಟು, ಒಕ್ಕೂಟದ ಪಾಲೆಷ್ಟು ಎಂಬುದನ್ನು ಬಿಕ್ಕಟ್ಟಿಲ್ಲದ ವರ್ಷದಲ್ಲೇ ತೀರ್ಮಾನಿಸಬೇಕು. ಕೇರಳ ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಇಟ್ಟಿದೆ: ಮಲಪ್ಪುರಂ ಜಿಲ್ಲೆಯ ಮೂರ್ಕನಾಡಿನಲ್ಲಿ ಮಿಲ್ಮಾದ ಸ್ವಂತ ಪುಡಿ ಘಟಕ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಯಿತು.