ದುಬಾರೆಯೂ ಕೊಡಗಿನ ಸಾಹಸಕೀರ್ತಿಯೂ

ಕೆಲವು ನಾಡುಗಳಿಗೆ ವಿದ್ಯೆಯಿಂದ ಕೀರ್ತಿ ಬರುತ್ತದೆ, ಕೆಲವಕ್ಕೆ ವ್ಯಾಪಾರದಿಂದ. ಇನ್ನು ಕೆಲವಕ್ಕೆ ಬೆಟ್ಟ, ಹೊಳೆ, ಬಯಲುಗಳಲ್ಲಿ ಮೈಯೊಡ್ಡಿ ಬಾಳುವ ಜನದ ಸಾಹಸದಿಂದ. ಕನ್ನಡನಾಡಿನಲ್ಲಿ ಈ ಮೂರನೆಯ ಬಗೆಯ ಕೀರ್ತಿಗೆ ಒಡೆಯವಾದ ಪ್ರಾಂತ ಯಾವುದೆಂದು ಕೇಳಿದರೆ, ಯಾರಾದರೂ ತಡವಿಲ್ಲದೆ ಕೊಡಗೆಂದು ಹೇಳಿಯಾರು. ಸೇನೆ, ಬಂದೂಕು, ಬೇಟೆ, ಹಾಕಿ ಎಂಬ ನಾಲ್ಕು ಮಾತುಗಳಲ್ಲಿ ನಾವು ಆ ನಾಡಿನ ಚಿತ್ರವನ್ನು ಮುಗಿಸಿಬಿಡುತ್ತೇವೆ. ಈಚೆಗೆ ಐದನೆಯದೊಂದು ಸೇರಿಕೊಂಡಿದೆ: ಮಳೆಗಾಲದಲ್ಲಿ ಕುಶಾಲನಗರದ ಸಮೀಪದ ದುಬಾರೆಯಲ್ಲಿ, ತುಂಬಿದ ಕಾವೇರಿಯ ಸೆಳವಿನ ಮೇಲೆ ರಬ್ಬರು ದೋಣಿಗಳಲ್ಲಿ ಸಾಗುವ ವಿನೋದ. ಈ ಕೀರ್ತಿ ಹೇಗೆ ಬೆಳೆಯಿತು, ಅದರಲ್ಲಿ ಯಾರ ಪಾಲು ಎಷ್ಟು ಎಂಬುದನ್ನು ಈ ಹೊತ್ತು ವಿಚಾರಿಸೋಣ.

ಕೊಡಗಿನಲ್ಲಿ ಸಾಹಸವು ಮೊದಲು ಆಟವಾಗಿರಲಿಲ್ಲ, ಅದು ಋಣವಾಗಿದ್ದಿತು. ಹಾಲೇರಿ ಅರಸರ ಕಾಲದಲ್ಲಿ ಜಮ್ಮಾ ಭೂಮಿಯನ್ನು ವಂಶಪಾರಂಪರ್ಯವಾಗಿ ಅನುಭವಿಸುತ್ತಿದ್ದ ಒಕ್ಕಲು, ಅರಸನು ಕರೆದಾಗ ಆಯುಧ ಹಿಡಿದು ಹೊರಡಬೇಕಾಗಿತ್ತು. ನೇಗಿಲು ಹಿಡಿದ ಕೈಯೇ ಒಡಿಕತ್ತಿಯನ್ನೂ ಹಿಡಿಯುತ್ತಿದ್ದಿತು. 1834ರಲ್ಲಿ ಚಿಕ್ಕವೀರರಾಜೇಂದ್ರನು ಪದಚ್ಯುತನಾಗಿ ನಾಡು ಇಂಗ್ಲಿಷರ ವಶವಾದ ಬಳಿಕವೂ ಈ ಸಂಬಂಧ ಪೂರ್ತಿಯಾಗಿ ಕಡಿದುಹೋಗಲಿಲ್ಲ. ಪ್ರಜೆಗಳಿಂದ ಆಯುಧಗಳನ್ನು ಹಿಂತೆಗೆದುಕೊಳ್ಳುವ ಕಾನೂನು ಬಂದಾಗ, 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ನರು ಕೊಡಗರಿಗೆ ಅದರಿಂದ ವಿನಾಯಿತಿ ಕೊಟ್ಟರು. ಸ್ವತಂತ್ರ ಭಾರತದ ಸರಕಾರವೂ 2019ರಲ್ಲಿ ಈ ವಿನಾಯಿತಿಯನ್ನು 2029ರವರೆಗೆ ಮುಂದುವರಿಸಿದೆ.

ಆಯುಧಕ್ಕೂ ಹೊಲಕ್ಕೂ ಇದ್ದ ಈ ನಂಟನ್ನು ಕೈಲ್ ಪೊಳ್ದ್ ಹಬ್ಬದಲ್ಲಿ ಸ್ಪಷ್ಟವಾಗಿ ಕಾಣಬಹುದು. ನಾಟಿಯ ದಿನಗಳಲ್ಲಿ ಕೋವಿ, ಕತ್ತಿಗಳಿಗೆ ವಿರಾಮ. ನಾಟಿ ಮುಗಿದ ಮೇಲೆ, ಸೆಪ್ಟೆಂಬರಿನ ಮೊದಲ ದಿನಗಳಲ್ಲಿ, ಅವನ್ನು ತೋಕ್ ಪೂವಿನಿಂದ ಸಿಂಗರಿಸಿ ಪೂಜಿಸುವರು. ಆಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆ. ಹಿಂದೆ ಬೇಟೆಯ ಕಾಲವೂ ಇಲ್ಲಿಂದಲೇ ಆರಂಭವಾಗುತ್ತಿದ್ದಿತು. ಹುಲಿಯನ್ನು ಕೊಂದವನನ್ನು ಮದುಮಗನಂತೆ ಕುಳ್ಳಿರಿಸಿ ‘ನರಿಮಂಗಲ’ ಮಾಡುತ್ತಿದ್ದರು. ಕೊಟ್ಟಿಗೆಯ ದನವನ್ನು ಕಾಯುವುದು ಊರಿನ ಬಾಳುವೆಯ ಪ್ರಶ್ನೆಯಾಗಿದ್ದ ಕಾಲದಲ್ಲಿ ಆ ಗೌರವಕ್ಕೆ ಅರ್ಥವಿದ್ದಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಗೆ ತಡೆಹಾಕಿತು. ತೆಂಗಿನಕಾಯಿ ಮಾತ್ರ ಮರದ ಮೇಲೆ ಉಳಿದಿದೆ.

ಬೇಟೆಯಲ್ಲಿ ತೀರುತ್ತಿದ್ದ ಹುರುಪು ಬೇರೆ ದಾರಿಗಳಲ್ಲಿ ಹರಿಯಿತು. 1973ರ ವಿಶ್ವಕಪ್ಪಿನಲ್ಲಿ ಭಾರತದ ಹಾಕಿ ತಂಡವನ್ನು ನಡೆಸಿದ ಎಂ. ಪಿ. ಗಣೇಶರೂ, 1980ರ ಮಾಸ್ಕೋ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ತಂಡದ ಎಂ. ಎಂ. ಸೋಮಯ್ಯನವರೂ ಈ ನೆಲದವರು. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವದಲ್ಲಿ ಮೊದಲ ವರ್ಷ 60 ತಂಡಗಳಿದ್ದುವು. 2024ರಲ್ಲಿ ನಾಪೋಕ್ಲುವಿನಲ್ಲಿ ಅವು 360 ಆದುವು. ಜನರಲ್ ತಿಮ್ಮಯ್ಯನವರ ಹೆಸರನ್ನು ಕರ್ನಾಟಕದ ಸಾಹಸ ಅಕಾಡೆಮಿಗೆ ಇಟ್ಟಿರುವುದೂ ಉಚಿತವೇ.

ಇಷ್ಟು ಹೇಳಿ ನಿಲ್ಲಿಸಿದರೆ ಕಥೆಯ ಅರ್ಧವನ್ನು ಮಾತ್ರ ಹೇಳಿದಂತಾಗುವುದು. ಉಳಿದ ಅರ್ಧ ದುಬಾರೆಯಲ್ಲಿದೆ. ಅಲ್ಲಿ ಹೊಳೆಯ ಈಚೆ ದಡದಲ್ಲಿ ಪ್ರವಾಸಿಗರ ಸಂದಣಿ. ಆಚೆ ದಡದಲ್ಲಿ ಅರಣ್ಯ ಇಲಾಖೆಯ ಆನೆಯ ಶಿಬಿರ, ಜೇನುಕುರುಬರ ಹಾಡಿ. ಆನೆಗಳಿಂದ ಹಿಂದೆ ಮರದ ದಿಮ್ಮಿಗಳನ್ನು ಎಳೆಸುತ್ತಿದ್ದರು. ಇಂದು ಅವುಗಳಲ್ಲಿ ಕೆಲವು ದಸರಾ ಸಮಯಕ್ಕೆ ಮೈಸೂರಿಗೆ ಬರುತ್ತವೆ; ಕೆಲವು ತೋಟಗಳಿಗೆ ನುಗ್ಗುವ ಕಾಡಾನೆಯನ್ನು ಹಿಡಿಯಲು ಹೋಗುತ್ತವೆ. ಹಿಡಿದ ಆನೆಯನ್ನು ದಪ್ಪ ದಿಮ್ಮಿಗಳ ಕ್ರಾಲಿನಲ್ಲಿ ಕೂಡಿ, ಕಬ್ಬು ಬೆಲ್ಲ ತಿನ್ನಿಸಿ, ದಿನಗಟ್ಟಲೆ ಮಾತಾಡಿಸಿ ಪಳಗಿಸುವವರು ಮಾವುತರು, ಕಾವಾಡಿಗಳು. ಅವರಲ್ಲಿ ಬಹುಮಂದಿ ಜೇನುಕುರುಬರು. ಸ್ಯಾಂಡರ್ಸನ್ ಸಾಹೇಬರು ಮೈಸೂರು ಸೀಮೆಯಲ್ಲಿ 1874ರಲ್ಲಿ ನಡೆಸಿದ ಖೆಡ್ಡಾದಿಂದ ಹಿಡಿದು, 1971ರಲ್ಲಿ ಕಾಕನಕೋಟೆಯಲ್ಲಿ ನಡೆದ ಕೊನೆಯ ಖೆಡ್ಡಾದವರೆಗೆ ಹೊಗಳಿಕೆ ದೊರೆತುದು ಅರಸರಿಗೆ, ಅತಿಥಿಗಳಿಗೆ, ಅಧಿಕಾರಿಗಳಿಗೆ. ಕಾಡಿನಲ್ಲಿ ಆನೆಯ ಹೆಜ್ಜೆಯ ಜಾಡನ್ನು ಓದಿ ಹಿಂಡನ್ನು ಪತ್ತೆಹಚ್ಚಿದ ಕುರುಬನ ಹೆಸರು ಎಷ್ಟು ಪುಸ್ತಕಗಳಲ್ಲಿದೆ?

ಹೊರನಾಡಿನ ಒಂದು ನಿದರ್ಶನ ಇಲ್ಲಿ ನಮಗೆ ನೆರವಾದೀತು. ಸಾಹಸಕ್ರೀಡೆಗಳ ವಿಷಯದಲ್ಲಿ ನ್ಯೂಜಿಲೆಂಡಿಗೆ ಇರುವ ಹೆಸರು ಲೋಕಪ್ರಸಿದ್ಧ. ಆಳವಿಲ್ಲದ ಹೊಳೆಗಳಲ್ಲಿ ವೇಗದಿಂದ ಓಡುವ ಅಲ್ಲಿನ ಜೆಟ್ ದೋಣಿ ಇಂದು ಪ್ರವಾಸಿಗರ ಮೋಜು. ಆದರೆ 1950ರ ದಶಕದಲ್ಲಿ ಅದನ್ನು ರೂಪಿಸಿದ ಬಿಲ್ ಹ್ಯಾಮಿಲ್ಟನ್ನನು ಕುರಿಸಾಕಣೆಯ ರೈತ, ತನ್ನ ಸೀಮೆಯ ಹೊಳೆಗಳ ಮೇಲೆ ಹತ್ತಬಲ್ಲ ದೋಣಿ ಅವನಿಗೆ ಬೇಕಾಗಿದ್ದಿತು. 1953ರಲ್ಲಿ ತೇನ್‌ಸಿಂಗನೊಡನೆ ಎವರೆಸ್ಟನ್ನೇರಿದ ಹಿಲರಿಯ ಕಸುಬು ಜೇನುಸಾಕಣೆ. ನಾಡಿನ ದುಡಿಮೆಯೇ ಕಾಲಾಂತರದಲ್ಲಿ ಆಟವಾಗುತ್ತದೆಂಬುದಕ್ಕೆ ಇವು ಸಾಕ್ಷಿ. ಆದರೆ ಅಲ್ಲಿ ಆ ರೈತನ, ಆ ಜೇನುಗಾರನ ಹೆಸರನ್ನು ಮಕ್ಕಳೂ ಬಲ್ಲರು. ನಮ್ಮ ಕಾಡಿನ ಜೇನುಗಾರನೋ ನಮಗೆ ಚಿತ್ರಪಟದ ಹಿನ್ನೆಲೆ.

ಕಾಯ್ದಿಟ್ಟ ಅರಣ್ಯಗಳ ಕಟ್ಟುಪಾಡು ಬಂದ ಮೇಲೆ ಕುರುಬರಿಗೆ ಕಾಡಿನ ಮೇಲಿದ್ದ ರೂಢಿಯ ಹಕ್ಕುಗಳು ಮೊಟಕಾದುವು. 2006ರ ಅರಣ್ಯಹಕ್ಕು ಕಾಯಿದೆ ಅವನ್ನು ಒಪ್ಪಿಕೊಂಡಿತು. ಆದರೂ ಕಾಗದದ ಹಕ್ಕು ಎಲ್ಲ ಹಾಡಿಗಳಿಗೂ ತಲುಪಿಲ್ಲ. ಕಾಡಿನಿಂದ ದೂರವಾಗಿ ಬೆಳೆದ ಮಗ ಆನೆಯ ಮನಸ್ಸನ್ನು ಯಾವ ಶಾಲೆಯಲ್ಲಿ ಕಲಿತಾನು? ತಂದೆಯ ಹಿಂದೆ ಆನೆಯ ಬಳಿ ನಿಂತು ಕಲಿಯುವ ವಿದ್ಯೆಯದು. ಅದು ಕಳೆದುಹೋದರೆ ದುಬಾರೆಯಲ್ಲಿ ಟಿಕೇಟಿನ ಕೊಠಡಿ ಉಳಿದೀತು, ಸಾಹಸ ಉಳಿಯದು.

ಸಾಹಸಕೀರ್ತಿ ಒಂದು ಜನಾಂಗದ ಸ್ವತ್ತಲ್ಲ. ಕೋವಿ ಹಿಡಿದವನು, ಕೋಲು ಹಿಡಿದು ಆಡಿದವನು, ಆನೆಯ ಕುತ್ತಿಗೆಯ ಮೇಲೆ ಕುಳಿತವನು, ಹೊಳೆಯ ಸುಳಿಯನ್ನು ಬಲ್ಲ ಅಂಬಿಗ, ಎಲ್ಲರೂ ಅದರ ಪಾಲುದಾರರು. ಮುಂದೆ ನಾವು ದುಬಾರೆಗೆ ಹೋದಾಗ, ದೋಣಿ ಇಳಿದು ಆಚೆ ದಡ ಸೇರಿದೊಡನೆ ಆನೆಯ ಹೆಸರನ್ನು ಕೇಳುವುದು ಸಹಜ. ಅದರ ಮಾವುತನ ಹೆಸರನ್ನೂ ಕೇಳಿ ತಿಳಿಯೋಣ.