ತೆರೆಯ ಬೊಂಬೆಗಳು: ಅಂದು, ಇಂದು

ಮಕ್ಕಳು ನೋಡುವ ಬೊಂಬೆಚಿತ್ರಗಳ ಇತಿಹಾಸವನ್ನು ಬರೆಯಹೊರಟರೆ, ಮುಂಬಯಿಯ ಕನ್ನಡಿಗರಾದ ನಾವು ನಮ್ಮ ಮನೆಮಾತಿನ ಇತಿಹಾಸವನ್ನೇ ಅರ್ಧಕ್ಕರ್ಧ ಬರೆದಂತಾಗುತ್ತದೆ. ನಮ್ಮ ಮಕ್ಕಳು ಹಿಂದಿಯನ್ನು ಕಲಿತದ್ದು ಶಾಲೆಯಲ್ಲಿ ಸ್ವಲ್ಪ, ಬೀದಿಯಲ್ಲಿ ಸ್ವಲ್ಪ. ಉಳಿದದ್ದೆಲ್ಲ ಆ ಪೆಟ್ಟಿಗೆಯ ಮುಂದೆ.

ನಮ್ಮ ಊರಿಗೆ ದೂರದರ್ಶನ ಬಂದದ್ದು 1972ರ ಅಕ್ಟೋಬರ್ 2ರಂದು. ಆದರೆ ಬೊಂಬೆಚಿತ್ರದ ಕಸುಬು ಅದಕ್ಕೂ ಮೊದಲೇ ಇಲ್ಲಿ ಬೇರುಬಿಟ್ಟಿತ್ತು. 1956ರಲ್ಲಿ ಫಿಲ್ಮ್ಸ್ ಡಿವಿಜನ್ನಿನಲ್ಲಿ ಒಂದು ಕಾರ್ಟೂನ್ ವಿಭಾಗ ಹುಟ್ಟಿತು. ಡಿಸ್ನಿ ಸಂಸ್ಥೆಯಲ್ಲಿ ಪಳಗಿದ್ದ ಕ್ಲೇರ್ ವೀಕ್ಸ್ ಎಂಬವರು ಬಂದು ನಮ್ಮ ಚಿತ್ರಕಾರರಿಗೆ ಪಾಠ ಹೇಳಿದರು. ರಾಮಮೋಹನರು ಆ ಗರಡಿಯಲ್ಲೇ ತಯಾರಾದವರು. 1974ರಲ್ಲಿ ವಿಜಯಾ ಮುಳೆಯವರು ನಿರ್ದೇಶಿಸಿದ 'ಏಕ್ ಅನೇಕ್ ಔರ್ ಏಕತಾ' ಎಂಬ ಪುಟ್ಟ ಚಿತ್ರವನ್ನು ನಮ್ಮಲ್ಲಿ ನೋಡದವರಾರು? ಒಂದು ಹಕ್ಕಿ, ಹಲವು ಹಕ್ಕಿ, ಒಂದು ಬಲೆ. ಚಾಳಿನ ಒಂದೇ ಮನೆಯಲ್ಲಿದ್ದ ಪೆಟ್ಟಿಗೆಯ ಮುಂದೆ ತುಳುವರ ಮಕ್ಕಳು, ಧಾರವಾಡದವರ ಮಕ್ಕಳು, ಮರಾಠಿ ಮಕ್ಕಳು ಒತ್ತಾಗಿ ಕುಳಿತು ಆ ಹಾಡನ್ನು ಕೂಡಿ ಹೇಳುತ್ತಿದ್ದರು.

1993ರಲ್ಲಿ ಭಾನುವಾರದ ಬೆಳಗಿಗೆ ಮೋಗ್ಲಿ ಬಂದನು. ಇದರ ಹುಟ್ಟನ್ನು ನೆನೆದರೆ ಸೋಜಿಗವೆನಿಸುತ್ತದೆ: ಕಥೆ ಮಧ್ಯಪ್ರದೇಶದ ಸಿವನಿ ಕಾಡಿನದು, ಬರೆದವನು ಆಂಗ್ಲ, ಚಿತ್ರಿಸಿದವರು 1989ರಲ್ಲಿ ಜಪಾನಿನವರು, ಹಾಡು ಗುಲ್ಜಾರರದು, ರಾಗ ವಿಶಾಲ ಭಾರದ್ವಾಜರದು. ನೋಡಿದವರು ನಮ್ಮ ಮಕ್ಕಳು. ಅವರ ಬಾಯಲ್ಲಿ ತೋಳ, ಕರಡಿ, ಹೆಬ್ಬಾವುಗಳಿಗೆ ಹಿಂದಿಯ ಹೆಸರುಗಳೇ ನಿಂತವು. ಕೊಡಗಿನ ಕಾಡಿನಂಚಿನಲ್ಲಿ ಬೆಳೆದ ತಂದೆಯ ಮಗನೊಬ್ಬನು 'ಭಾಲೂ' ಎಂದಾಗ ನಾವೂ ನಕ್ಕು ಸುಮ್ಮನಾದೆವು. ತಿದ್ದಬೇಕಿತ್ತು; ಆದರೆ ಭಾನುವಾರ ಬೆಳಗ್ಗೆ ತಿದ್ದುವವರಾರು?

1995ರ ಮೇ 1ರಂದು ಕಾರ್ಟೂನ್ ನೆಟ್‌ವರ್ಕ್ ಬಂತು. ವಾರಕ್ಕೊಮ್ಮೆ ಕಾದು ನೋಡುತ್ತಿದ್ದುದು ದಿನವಿಡೀ ಹರಿಯತೊಡಗಿತು. ಆಗ ಬಂದ ಟಾಮ್ ಮತ್ತು ಜೆರ್ರಿಯ ವಿಷಯವಾಗಿ ಸ್ವಲ್ಪ ನಿಂತು ಹೇಳಬೇಕು. ಈ ಬೆಕ್ಕು-ಇಲಿಗಳು ದೂರದರ್ಶನಕ್ಕೆ ಹುಟ್ಟಿದವಲ್ಲ. 1940ರಿಂದ 1958ರವರೆಗೆ ಚಿತ್ರಮಂದಿರಗಳಿಗಾಗಿ ಹ್ಯಾನಾ ಮತ್ತು ಬಾರ್ಬೆರಾ ಮಾಡಿದ ಕೆಲಸ ಅದು. ಏಳು ಆಸ್ಕರ್‌ಗಳನ್ನು ಗಳಿಸಿತು. ಒಂದೊಂದು ಚಲನೆಗೂ ಹೊಸ ಚಿತ್ರ, ಕೈಯಿಂದಲೇ. ಆ ವೈಭವಕ್ಕೆ ಹಣ ಸಾಲದೆ ಅವರ ಸ್ಟುಡಿಯೋ ಮುಚ್ಚಿದಾಗ ಅವರಿಬ್ಬರೂ ದೂರದರ್ಶನಕ್ಕೆ ತಿರುಗಿ, ಅಗ್ಗದ ಉಪಾಯಗಳನ್ನು ಹೂಡಿದರು. ಯೋಗಿ ಕರಡಿಯ ಕೊರಳಿಗೆ ಪಟ್ಟಿ, ಟೈ ಏಕಿದೆ ಬಲ್ಲಿರಾ? ಮುಂಡವನ್ನು ಹಾಗೆಯೇ ಬಿಟ್ಟು ತಲೆಯೊಂದನ್ನೇ ಬೇರೆ ಬೇರೆಯಾಗಿ ಬರೆದರೆ, ಕೂಡಿಸಿದ ಗೆರೆ ಪಟ್ಟಿಯ ಮರೆಯಲ್ಲಿ ಕಾಣುವುದಿಲ್ಲ! ಇಂದಿನ ಚಿತ್ರಗಳ ಮಿತವ್ಯಯವನ್ನು ಹಳಿಯುವವರು ಈ ಟೈಯನ್ನು ನೆನೆಯುವುದು ಒಳ್ಳೆಯದು.

ಆ ಬೆಕ್ಕು-ಇಲಿಗಳು ಮಾತನಾಡುವುದು ತೀರ ಅಪರೂಪ. ನಮಗೆ ಅದೇ ಉಪಕಾರವಾಯಿತು. ಊರಿನಿಂದ ಬಂದ ಅಜ್ಜಿಗೆ ಹಿಂದಿ ಬಾರದು, ಮೊಮ್ಮಗನಿಗೆ ಕನ್ನಡ ತೊದಲು. ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು ನಗುವರು. 'ಅಯ್ಯೋ, ಬಿತ್ತಲ್ಲೋ ಕೊಡ! ಬಾಲಕ್ಕೆ ಬೆಂಕಿ ಹತ್ತಿತು ನೋಡು!' ಎಂದು ಅಜ್ಜಿ ಹೇಳುತ್ತ ಹೋದಂತೆ, ಅಮೆರಿಕದ ಬೆಕ್ಕು ನಮ್ಮ ಮನೆಗಳಲ್ಲಿ ಕನ್ನಡದಲ್ಲಿ ಪೆಟ್ಟು ತಿಂದಿತು.

ಮುಂದಿನ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಜಪಾನಿನ ಡೋರೆಮಾನ್ ಬಂದನು. 2008ರಲ್ಲಿ ಹೈದರಾಬಾದಿನ ರಾಜೀವ ಚಿಲಕರ ಸಂಸ್ಥೆಯಿಂದ ಛೋಟಾ ಭೀಮ ಬಂದನು. ಲಾಡು ತಿಂದು ಗೆಲ್ಲುವ ಹುಡುಗ, ನಮ್ಮ ದೇಶದ ಧೋತಿ ಉಟ್ಟವನು. ಇದನ್ನು ನಾವು ಕಡಮೆ ಎಣಿಸುವುದಿಲ್ಲ. 2012ರಲ್ಲಿ ಮೋಟು-ಪತಲು ಬಂದರು. ಚಿತ್ರಗಳನ್ನು ಗಣಕಯಂತ್ರವೇ ಚಲಿಸುವಂತೆ ಮಾಡತೊಡಗಿತು. ಕಂತುಗಳು ಹೆಚ್ಚಿದವು, ಮಾತೂ ಹೆಚ್ಚಿತು. ಅಜ್ಜಿ ನಡುವೆ ಬಾಯಿ ಹಾಕಲು ಎಡೆಯುಳಿಯಲಿಲ್ಲ.

2009ರಲ್ಲಿ ಕನ್ನಡದ ಮಕ್ಕಳಿಗೆಂದೇ ಚಿಂಟು ಟಿವಿ ತೊಡಗಿದಾಗ ನಮಗಾದ ಹಿಗ್ಗು ಅಷ್ಟಿಷ್ಟಲ್ಲ. ನಮ್ಮ ಬಡಾವಣೆಯ ಕೇಬಲ್ಲಿನವನನ್ನು ಕೇಳಿದರೆ, 'ನಾಲ್ಕು ಮನೆಗಾಗಿ ಹಾಕಲಾರೆ' ಎಂದುಬಿಟ್ಟ. ಬೇಕಾದ ವಾಹಿನಿಯನ್ನು ನಾವೇ ಆರಿಸಿಕೊಳ್ಳುವ ಕ್ರಮ 2019ರಲ್ಲಿ ಜಾರಿಗೆ ಬರುವಷ್ಟರಲ್ಲಿ ಆ ನಾಲ್ಕು ಮನೆಯ ಮಕ್ಕಳು ಕಾಲೇಜು ಸೇರಿದ್ದರು. ಇಂದಿನ ಕೂಸುಗಳಿಗೆ ಆ ತೊಡಕಿಲ್ಲ. ಬೆಂಗಳೂರಿನಲ್ಲೇ ತಯಾರಾದ ಕನ್ನಡ ಶಿಶುಗೀತೆಗಳ ಬೊಂಬೆಚಿತ್ರಗಳು ಅಂಗೈಯ ಫೋನಿನಲ್ಲಿವೆ. ಆದರೆ ಅಂಗೈಯಷ್ಟು ತೆರೆಯನ್ನು ನೋಡುವುದು ಒಬ್ಬರೇ.

ಕಳೆದ ಬೇಸಿಗೆಯಲ್ಲಿ ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ ಹಳೆಯ ಟಾಮ್-ಜೆರ್ರಿಯೊಂದನ್ನು ಗೋಡೆಯ ಮೇಲೆ ತೋರಿಸಿ, ಸದ್ದನ್ನು ಅಡಗಿಸಿ, ಕಥೆಯನ್ನು ಮಕ್ಕಳೇ ಹೇಳಲೆಂದು ಬಿಟ್ಟೆವು. ಎಂಟು ವರುಷದ ಹುಡುಗಿಯೊಬ್ಬಳು ಚೆನ್ನಾಗಿ ಹೇಳುತ್ತ ಹೇಳುತ್ತ ಒಂದೆಡೆ ತಡೆದು, ಬೆರಳು ತೋರಿಸಿ, 'ಅದಕ್ಕೇನಂತಾರೆ?' ಎಂದಳು. ಹಿಂದಿನ ಸಾಲಿನಿಂದ ಯಾರದೋ ಅಜ್ಜಿ, 'ಇಲಿಬೋನು ಕಣೇ' ಎಂದರು. ಹುಡುಗಿ ಆ ಮಾತನ್ನು ಎರಡು ಬಾರಿ ಹೇಳಿ ನೋಡಿ, ಕಥೆಯನ್ನು ಮುಂದುವರಿಸಿದಳು.