ನೃಪತುಂಗನ ಕಾಲದ ಸಂಖ್ಯಾಹಾರ

12345654321: ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಕ್ರಿ.ಶ. 850ರ ಸುಮಾರಿಗೆ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಜೈನ ಗಣಿತಜ್ಞ ಮಹಾವೀರಾಚಾರ್ಯರು, ಸಂಸ್ಕೃತದ ‘ಗಣಿತಸಾರಸಂಗ್ರಹ’ದಲ್ಲಿ ಈ ಸಂಖ್ಯೆ ಬರುವ ಲೆಕ್ಕ ಕೊಟ್ಟಿದ್ದಾರೆ: 27994681 × 441. ಇಂಥ ಉತ್ತರಗಳನ್ನು ಅವರು ಕೊರಳ ಹಾರವೆಂದು ಕರೆದರು.

ಗುಟ್ಟೇನು? 441 ಎಂದರೆ 21ರ ವರ್ಗ, 27994681 ಎಂದರೆ 5291ರ ವರ್ಗ. 21 × 5291 = 111111. ಆದ್ದರಿಂದ ಉತ್ತರ 111111ರ ವರ್ಗ! ಗುಣಿಸುವಾಗ ಆರು ಸಾಲುಗಳು ಒಂದೊಂದು ಮನೆ ಸರಿಯುತ್ತವೆ; ಕೂಡಿದರೆ ಅಂಕಿಗಳು 6ರವರೆಗೆ ಏರಿ ಇಳಿಯುತ್ತವೆ. ಒಂಬತ್ತು 1ಗಳವರೆಗೂ ಹಾರ ಉಳಿಯುತ್ತದೆ. ಹತ್ತಾದರೆ ದಶಕ ಮುಂದಿನ ಮನೆಗೆ ಹೋಗಿ ಹಾರ ಹರಿಯುತ್ತದೆ.

ಟೊರಾಂಟೊದ ಗಣಿತ ಕ್ಲಾಸಿನಲ್ಲಿ ನಾನು ಪೈಥಾಗರಸ್ ಹೆಸರು ಕೇಳಿದ್ದೆ, ಮಹಾವೀರಾಚಾರ್ಯರದು ಕೇಳಿರಲಿಲ್ಲ. ನೃಪತುಂಗನ ರಾಜಧಾನಿ ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಕ್ಯಾಲ್ಕುಲೇಟರ್ ಬದಿಗಿಟ್ಟು, ಪೆನ್ಸಿಲ್ ಹಿಡಿದು ಒಮ್ಮೆ ಗುಣಿಸಿ ನೋಡಿ.